ಬೆಂಗಳೂರಿನ ಕಾಮಗಾರಿಗಳಲ್ಲಿ ಬಳ್ಳಾರಿ ಯಾವುದನ್ನು ಆರಿಸಿಕೊಳ್ಳಬೇಕು?

ಊರಿಗೆ ಅನುದಾನ ಬಂದಿದೆ ಎಂಬ ಸುದ್ದಿ ಹರಡಿದರೆ ಸಾಕು, ಬಳ್ಳಾರಿಯಲ್ಲಿ ಬೇಡಿಕೆಗಳು ಸಾಲುಗಟ್ಟುತ್ತವೆ. ರಸ್ತೆ ಅಗಲ ಮಾಡಿ ಎನ್ನುವವರು ಕೆಲವರು, ಕಾಂಕ್ರೀಟ್ ಹಾಕಿ ಎನ್ನುವವರು ಕೆಲವರು, ವೃತ್ತದ ಮೇಲೊಂದು ಮೇಲ್ಸೇತುವೆ ಬಂದರೆ ಊರಿಗೇ ಕಳೆ ಎನ್ನುವವರು ಇನ್ನು ಕೆಲವರು. ಎಲ್ಲರ ಮನಸ್ಸಿನಲ್ಲಿರುವ ಮಾದರಿ ಮಾತ್ರ ಒಂದೇ, ಬೆಂಗಳೂರು. ರಾಜಧಾನಿಗೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಇಲ್ಲಿಯೂ ಬಯಸುವುದು ಸಹಜ. ಆದರೆ ಬೆಂಗಳೂರು ಕಳೆದ ಹದಿನೈದು ವರ್ಷಗಳಲ್ಲಿ ಹಲವು ಬಗೆಯ ಕಾಮಗಾರಿಗಳನ್ನು ಮಾಡಿ ನೋಡಿದೆ. ಕೆಲವು ಜನರ ಓಡಾಟವನ್ನು ನಿಜವಾಗಿಯೂ ಹಗುರ ಮಾಡಿದವು. ಕೆಲವು ಅರ್ಧಕ್ಕೆ ನಿಂತು ವರ್ಷಗಟ್ಟಲೆ ಗೋಳಾದವು. ಒಂದನ್ನಂತೂ ಜನರೇ ಬೀದಿಗಿಳಿದು ತಡೆದರು. ಅಷ್ಟೂ ಖರ್ಚನ್ನು ರಾಜಧಾನಿ ಮಾಡಿಯಾಗಿದೆ. ಫಲಿತಾಂಶ ನೋಡಿ ಆರಿಸಿಕೊಳ್ಳುವ ಅನುಕೂಲ ನಮಗಿದೆ.

ವಾರ್ಡ್ ಸಭೆಗೆ ಹೋಗುವವರು, ವರ್ತಕರ ಸಂಘದಲ್ಲಿ ಮಾತನಾಡುವವರು, ಪಾಲಿಕೆ ಸದಸ್ಯರ ಬಳಿ ಮನವಿ ಪತ್ರ ಹಿಡಿದು ಹೋಗುವವರು ಒಮ್ಮೆ ಓದಿಕೊಳ್ಳಲಿ ಎಂದು ಈ ಹೋಲಿಕೆಯನ್ನು ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಕೆಳಗಿನ ಕೆಲಸ ಮೊದಲು, ನಡೆಯುವವರ ಜಾಗ ಅದರ ಜೊತೆಗೆ, ಮೇಲ್ಮೈ ಕೊನೆಗೆ. ಬಸ್ಸಿಗಂತೂ ಯಾವ ಕಾಮಗಾರಿಯೂ ಮುಗಿಯುವ ತನಕ ಕಾಯಬೇಕಾಗಿಲ್ಲ. ವೃತ್ತಗಳ ಮೇಲಿನ ಮೇಲ್ಸೇತುವೆ ನಮ್ಮ ಪಟ್ಟಿಯಲ್ಲೇ ಇರಬಾರದು.

ಎರಡು ಊರುಗಳ ಅಳತೆಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ತುಸು ಹೆಚ್ಚು. ಅದೇ ವರ್ಷ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ನಮ್ಮಲ್ಲಿ ಊರ ನಡುವಿನಿಂದ ಯಾವ ದಿಕ್ಕಿಗೆ ಹೊರಟರೂ ಕೆಲವೇ ಕಿಲೋಮೀಟರುಗಳಲ್ಲಿ ಊರಿನ ಅಂಚು ಬರುತ್ತದೆ. ಕೋಟೆಯ ಗುಡ್ಡವೂ ಕುಂಬಾರ ಗುಡ್ಡವೂ ಊರೊಳಗೇ ಎದ್ದು ನಿಂತಿರುವುದರಿಂದ ರಸ್ತೆಗಳು ಅವುಗಳನ್ನು ಸುತ್ತಿಕೊಂಡೇ ಹೋಗಬೇಕು. ಹಳೆಯ ಪೇಟೆಯ ಬೀದಿಗಳು ಇಕ್ಕಟ್ಟು, ಕಂಟೋನ್ಮೆಂಟ್ ಕಡೆ ರಸ್ತೆಗಳು ಸಡಿಲ. ಮಳೆ ಕಡಿಮೆ, ಬಿಸಿಲು ವಿಪರೀತ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ರಸ್ತೆ ಎಂದರೆ ನೆರಳಿನ ಪ್ರಶ್ನೆಯೂ ಹೌದು.

ಅಗಲೀಕರಣ ಅಥವಾ ಇರುವ ಅಗಲದ ಹಂಚಿಕೆ

ವಾಹನ ಹೆಚ್ಚಾದರೆ ರಸ್ತೆ ಅಗಲ ಮಾಡುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಬೆಂಗಳೂರಿನಲ್ಲಿ ಬಹಳ ಕಾಲ ನಡೆದದ್ದೂ ಇದೇ. ಕಟ್ಟಡದ ಮುಂಭಾಗ ಒಡೆಯುವುದಕ್ಕೆ ತಕರಾರು ಬಂದಲ್ಲೆಲ್ಲ ಪಾದಚಾರಿ ಮಾರ್ಗವನ್ನು ಕತ್ತರಿಸಿ ವಾಹನಕ್ಕೆ ಸೇರಿಸಿದರು. ಅಗಲವಾದ ರಸ್ತೆ ಮುಂದೆ ಇನ್ನೊಂದು ಇಕ್ಕಟ್ಟಿನಲ್ಲಿ ಹೋಗಿ ಸೇರುತ್ತಿತ್ತು, ದಟ್ಟಣೆ ಅಲ್ಲಿಗೆ ಸರಿಯಿತು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆ ತೆಗೆಯುವ ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಲುವೆ ಎಷ್ಟೇ ಅಗಲವಿರಲಿ, ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟು ನೀರು ಮಾತ್ರ.

ಅಗಲೀಕರಣದ ಖರ್ಚು ಡಾಂಬರಿನದಲ್ಲ, ಜಾಗದ್ದು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನಗರದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಹಣ) ಸೇರುತ್ತದೆ, ಅಂದರೆ ಪರಿಹಾರ ಎರಡು ಪಟ್ಟಾಗುತ್ತದೆ. ನಮ್ಮ ಊರಿನ ಬೆಂಗಳೂರು ರಸ್ತೆಯಲ್ಲೋ ಕಾಳಮ್ಮ ಬೀದಿಯಲ್ಲೋ ಒಂದೊಂದು ಅಂಗಡಿಯ ಮುಂಭಾಗದ ಬೆಲೆ ಎಷ್ಟೆಂದು ಅಲ್ಲಿ ವ್ಯಾಪಾರ ಮಾಡುವವರಿಗೆ ಗೊತ್ತು. ಅಷ್ಟು ಹಣ ಕೊಟ್ಟು ಎರಡು ಮೂರು ಮೀಟರ್ ಪಡೆದರೆ, ಆ ಜಾಗದಲ್ಲಿ ಮೊದಲು ಬಂದು ನಿಲ್ಲುವುದು ಗಿರಾಕಿಗಳ ಬೈಕು ಮತ್ತು ಕಾರು.

ಇನ್ನೊಂದು ದಾರಿ ಇರುವ ಅಗಲವನ್ನೇ ಲೆಕ್ಕ ಹಾಕಿ ಹಂಚುವುದು. ಕಟ್ಟಡದಿಂದ ಕಟ್ಟಡಕ್ಕೆ 12 ಮೀಟರ್ ಇರುವ ಬೀದಿಯೊಂದನ್ನು ತೆಗೆದುಕೊಳ್ಳಿ. ಎರಡೂ ಬದಿಗೆ ತಲಾ 2 ಮೀಟರ್ ಪಾದಚಾರಿ ಮಾರ್ಗಕ್ಕೆ ಹೋದರೆ 8 ಮೀಟರ್ ಉಳಿಯುತ್ತದೆ. ಎರಡು ಪಥಗಳಿಗೆ ಆರೂವರೆ ಮೀಟರ್ ಸಾಕು. ಮಿಕ್ಕ ಒಂದೂವರೆ ಮೀಟರಿನಲ್ಲಿ ಒಂದು ಬದಿಗೆ ದ್ವಿಚಕ್ರ ವಾಹನಗಳನ್ನು ಓರೆಯಾಗಿ ನಿಲ್ಲಿಸಬಹುದು. ಅಳತೆ ಕಾಗದದ ಮೇಲೆ ಸರಿಹೋಗುತ್ತದೆ. ಬೀದಿಯಲ್ಲಿ ಸರಿಹೋಗದಿರುವುದಕ್ಕೆ ಕಾರಣ ಆರಂಭದಿಂದ ಕೊನೆಯವರೆಗೆ ಒಂದೇ ಅಗಲ ಕಾಯ್ದುಕೊಳ್ಳದಿರುವುದು: ಇಲ್ಲಿ ಮೂರು ವಾಹನ ಹಿಡಿಸುತ್ತದೆ, ಐವತ್ತು ಹೆಜ್ಜೆ ಮುಂದೆ ಒಂದೂವರೆ.

ಅಳೆಯುವಾಗ ಟೇಪ್ ಹಿಡಿದು ನೀವೇ ಬೀದಿಗೆ ಇಳಿಯಿರಿ ಎಂದು ಹೇಳುತ್ತೇನೆ. ನಕ್ಷೆಯಲ್ಲಿ ಎರಡು ಮೀಟರ್ ಎಂದು ಬರೆದ ಪಾದಚಾರಿ ಮಾರ್ಗದಲ್ಲಿ ಅಂಗಡಿಯ ಮೆಟ್ಟಿಲು ಎರಡು ಅಡಿ ಮುಂದೆ ಬಂದಿರುತ್ತದೆ. ಅದರ ಪಕ್ಕ ಜನರೇಟರ್, ಆಚೆಗೆ ಕಬ್ಬಿಣದ ಬೇಲಿಯೊಳಗೆ ಟ್ರಾನ್ಸ್‌ಫಾರ್ಮರ್, ಅದನ್ನು ದಾಟಿದರೆ ಚರಂಡಿಯ ಮೇಲಿನ ಚಪ್ಪಡಿ ಒಂದು ಮೂಲೆಯಲ್ಲಿ ಮುರಿದು ಓಲಾಡುತ್ತಿರುತ್ತದೆ. ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಿ ಆ ನಾಲ್ಕನ್ನೂ ತಪ್ಪಿಸಲು ನಾಲ್ಕು ಸಲ ರಸ್ತೆಗಿಳಿಯಬೇಕು. ಭಾರತೀಯ ರಸ್ತೆ ಕಾಂಗ್ರೆಸ್ ಪಾದಚಾರಿ ಸೌಲಭ್ಯಗಳಿಗೆಂದು ಹೊರತಂದ ಮಾರ್ಗಸೂಚಿಯ ಪ್ರಕಾರ ಯಾವ ಅಡ್ಡಿಯೂ ಇಲ್ಲದ ನಡಿಗೆಯ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೊಣಕಾಲೆತ್ತರದ ಪಾದಚಾರಿ ಮಾರ್ಗ ಕಟ್ಟಿ, ಮುದುಕರು ಅದನ್ನು ಹತ್ತಲಾರದೆ ರಸ್ತೆಯಲ್ಲೇ ನಡೆಯುವುದನ್ನು ನೋಡಿ 'ಜನ ಬಳಸುವುದಿಲ್ಲ' ಎಂದು ದೂರುವುದು ನ್ಯಾಯವಲ್ಲ.

ಹಳೆಯ ಪೇಟೆಗೆ ಹಂಚಿಕೆಯೇ ಸರಿ. ಅಗಲೀಕರಣವನ್ನು ಊರ ಹೊರಗೆ, ಇನ್ನೂ ಕಟ್ಟಡ ಏಳದ ಬಡಾವಣೆಗಳ ರಸ್ತೆಗಳಿಗೆ ಈಗಲೇ ಜಾಗ ಕಾಯ್ದಿರಿಸಲು ಬಳಸಬೇಕು.

ಕಾಂಕ್ರೀಟ್ ಅಥವಾ ಡಾಂಬರು

ಬೆಂಗಳೂರಿನಲ್ಲಿ ಕಳೆದ ದಶಕದ ಕೊನೆಯ ವರ್ಷಗಳಿಂದ 'ವೈಟ್ ಟಾಪಿಂಗ್' ಜೋರಾಗಿ ನಡೆದಿದೆ. ಹಳೆಯ ಡಾಂಬರಿನ ಮೇಲೆ ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸುವ ವಿಧಾನ ಅದು. ಡಾಂಬರಿಗಿಂತ ಆರಂಭದ ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಸರಿಯಾಗಿ ಮಾಡಿದರೆ ಇಪ್ಪತ್ತು ವರ್ಷ ಮೀರಿ ನಿಲ್ಲುತ್ತದೆ, ಆದರೆ ಡಾಂಬರಿಗೆ ಕೆಲವೇ ವರ್ಷಗಳಿಗೊಮ್ಮೆ ಮರುಲೇಪ ಬೇಕು. ನೀರು ನಿಂತರೆ ಡಾಂಬರು ಕಿತ್ತು ಬರುತ್ತದೆ, ಕಾಂಕ್ರೀಟು ತಡೆದುಕೊಳ್ಳುತ್ತದೆ. ಭಾರದ ಲಾರಿಗಳು ಓಡುವ ಕಡೆ ಇದಕ್ಕೆ ಸಾಟಿಯಿಲ್ಲ. ಅದಿರು, ಉಕ್ಕು, ಭತ್ತ ಹೊತ್ತ ಲಾರಿಗಳು ತಿರುಗುವ ನಮ್ಮ ಎಪಿಎಂಸಿ ಸುತ್ತಲಿನ ರಸ್ತೆಗಳಿಗೂ ಹೆದ್ದಾರಿಯಿಂದ ಊರೊಳಗೆ ಬರುವ ಕೂಡುರಸ್ತೆಗಳಿಗೂ ನಾನು ಹಿಂದೆಮುಂದೆ ನೋಡದೆ ಕಾಂಕ್ರೀಟನ್ನೇ ಆರಿಸುತ್ತೇನೆ.

ಮನೆಗಳ ನಡುವಿನ ಓಣಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಹಳೆಯ ರಸ್ತೆಯನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದರೆ ರಸ್ತೆ ಒಂದು ಗೇಣು ಮೇಲೇಳುತ್ತದೆ. ಹತ್ತು ವರ್ಷಗಳಲ್ಲಿ ಎರಡು ಸಲ ಹೀಗಾದ ಓಣಿಗಳಲ್ಲಿ ರಸ್ತೆಯೇ ಹೊಸ್ತಿಲಿಗಿಂತ ಎತ್ತರವಾಗಿದೆ. ಜನ ಬಾಗಿಲ ಮುಂದೆ ಸಿಮೆಂಟಿನ ಸಣ್ಣ ಒಡ್ಡು ಕಟ್ಟಿಕೊಂಡಿದ್ದಾರೆ. ಸೆಪ್ಟೆಂಬರಿನಲ್ಲಿ ಒಂದು ಗಂಟೆ ಜೋರು ಮಳೆ ಬಂದರೆ ಒಡ್ಡನ್ನೂ ದಾಟಿ ಚರಂಡಿಯ ನೀರು ನಡುಮನೆಗೆ ಬರುತ್ತದೆ. ವರ್ಷದ ಮಳೆ ಕಡಿಮೆ ಎಂದು ಚರಂಡಿಯನ್ನು ಕಡೆಗಣಿಸುವ ಊರುಗಳಲ್ಲಿ ಅನಾಹುತ ಆಗುವುದು ಹೀಗೆಯೇ, ನಾಲ್ಕಾರು ದಿನಗಳ ರಭಸದ ಮಳೆಯಲ್ಲಿ.

ನಮ್ಮ ನೆಲದ ಗುಣವನ್ನೂ ನೋಡಬೇಕು. ಗುಡ್ಡದ ಸುತ್ತ ಬಂಡೆ ಸಿಕ್ಕರೂ ಊರಿನ ಹೊರವಲಯದಲ್ಲಿ ಎರೆಮಣ್ಣು ಬೇಕಾದಷ್ಟಿದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಗಟ್ಟಿ ತಳಪಾಯವಿಲ್ಲದೆ ಕಾಂಕ್ರೀಟ್ ಹಾಕಿದರೆ ಎರಡು ಬೇಸಿಗೆಯಲ್ಲಿ ಸೀಳು ಕಾಣಿಸಿಕೊಳ್ಳುತ್ತದೆ. ಇನ್ನೊಂದು ವಿಷಯ ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಕೆಲವು ದಿನ ತೇವವಾಗಿ ಇಡುವುದು. ನಮ್ಮ ಬಿಸಿಲಿಗೆ ಹಸಿ ಕಾಂಕ್ರೀಟಿನ ನೀರು ಬೇಗ ಆರಿಹೋಗುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಮಾರ್ಚ್ ಅಂತ್ಯದಲ್ಲಿ ಅನುದಾನ ಮುಗಿಸುವ ಅವಸರಕ್ಕೆ ಬಿದ್ದು ಏಪ್ರಿಲ್ ಮಧ್ಯಾಹ್ನ ಸುರಿದ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ದಿನವೂ ನೀರುಣಿಸಿದ್ದನ್ನು ಕಣ್ಣಾರೆ ನೋಡದೆ ಕೆಲಸ ಚೆನ್ನಾಗಿದೆ ಎಂದು ಒಪ್ಪಬೇಡಿ.

ಕಾಂಕ್ರೀಟ್ ಹಾಕಿದ ಮರುವರ್ಷ ನೀರಿನ ಪೈಪಿಗೋ ಒಳಚರಂಡಿಗೋ ಅದನ್ನು ಒಡೆಯುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಬೆಂಗಳೂರು ಇದನ್ನು ಸಾಕಷ್ಟು ಅನುಭವಿಸಿತು. ಆದ್ದರಿಂದ ಡಾಂಬರೋ ಕಾಂಕ್ರೀಟೋ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ರಸ್ತೆಯ ಕೆಳಗೆ ಏನಿದೆ, ಏನು ಬಾಕಿ ಇದೆ ಎಂಬುದು.

ಟೆಂಡರ್ ಶ್ಯೂರ್ ಮಾದರಿಯ ರಸ್ತೆ

ಬೆಂಗಳೂರಿನ ಕಾಮಗಾರಿಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಮ್ಯೂಸಿಯಂ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ್ ಮಲ್ಯ ರಸ್ತೆ ಇವೆಲ್ಲ ಕಳೆದ ದಶಕದ ಮಧ್ಯಭಾಗದಲ್ಲಿ ಈ ಮಾದರಿಯಲ್ಲಿ ಹೊಸದಾದವು. ಜನಾ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ ವಿನ್ಯಾಸ ಮಾಡಿತ್ತು. ನೋಡಿದವರ ಕಣ್ಣಿಗೆ ಬೀಳುವುದು ಅಗಲವಾದ, ಸಮತಟ್ಟಾದ ಪಾದಚಾರಿ ಮಾರ್ಗ. ನಿಜವಾದ ಕೆಲಸ ಅದರ ಕೆಳಗಿದೆ. ಕುಡಿಯುವ ನೀರು, ಒಳಚರಂಡಿ, ಮಳೆನೀರು, ವಿದ್ಯುತ್ ಕೇಬಲ್, ದೂರಸಂಪರ್ಕದ ತಂತಿ ಎಲ್ಲಕ್ಕೂ ಬೇರೆಬೇರೆ ಕೊಳವೆ ಹಾಕಿ, ಅಲ್ಲಲ್ಲಿ ತೆರೆದು ನೋಡಲು ಛೇಂಬರ್ ಕೊಟ್ಟು, ಎಲ್ಲವನ್ನೂ ಒಂದೇ ಟೆಂಡರಿನಲ್ಲಿ ತಂದರು. ನಾಳೆ ಹೊಸ ಕೇಬಲ್ ಎಳೆಯಬೇಕಾದರೆ ಛೇಂಬರ್ ಮುಚ್ಚಳ ತೆಗೆದರಾಯಿತು, ಜೆಸಿಬಿ ಬೇಕಿಲ್ಲ. ವಾಹನಗಳಿಗೆ ಉದ್ದಕ್ಕೂ ಒಂದೇ ಅಗಲದ ಪಥ ಸಿಕ್ಕಿತು.

ವಿರೋಧವೂ ಬಂತು. ಕೆಲಸ ಗಡುವು ಮೀರಿತು, ತಿಂಗಳುಗಟ್ಟಲೆ ರಸ್ತೆ ಅಗೆದು ಬಿದ್ದಿತ್ತು, ವ್ಯಾಪಾರ ಕುಸಿಯಿತು ಎಂದು ಅಂಗಡಿಯವರು ಗೋಳಾಡಿದರು. ಕಿಲೋಮೀಟರಿಗೆ ತಗಲುವ ವೆಚ್ಚ ಸಾಮಾನ್ಯ ಡಾಂಬರು ರಸ್ತೆಗಿಂತ ಹಲವು ಪಟ್ಟು ಹೆಚ್ಚು. ಕಾರಿನವರು ಪಾದಚಾರಿಗೆ ಇಷ್ಟು ಜಾಗ ಏಕೆ ಎಂದರು. ನೆಲದಡಿಯಲ್ಲಿ ಯಾವ ಪೈಪ್ ಎಲ್ಲಿದೆ ಎಂಬ ಸರಿಯಾದ ನಕ್ಷೆ ಇಲ್ಲದಿದ್ದದ್ದು ತಡವಾಗಲು ಮುಖ್ಯ ಕಾರಣ, ಅಗೆದಾಗಲೇ ತಿಳಿಯುತ್ತಿತ್ತು. ನಮ್ಮಲ್ಲಿ ಇದರ ತೊಡಕು ಇನ್ನೂ ಹೆಚ್ಚಾದೀತು, ಏಕೆಂದರೆ ಹಳೆಯ ಪೇಟೆಯಲ್ಲಿ ಯಾವ ನಲ್ಲಿಗೆ ಎಲ್ಲಿಂದ ಪೈಪ್ ಬರುತ್ತದೆ ಎಂಬುದು ವಾಲ್ವ್ ತಿರುಗಿಸುವ ನೀರುಗಂಟಿಯ ನೆನಪಿನಲ್ಲಿರುತ್ತದೆ. ಕೆಲಸ ಆರಂಭಿಸುವ ಮುನ್ನ ಅವರನ್ನು ಜೊತೆಗಿಟ್ಟುಕೊಂಡು ಬೀದಿ ಬೀದಿ ತಿರುಗಿ ನಕ್ಷೆ ಮಾಡಿಕೊಳ್ಳುವುದು ಕಡಿಮೆ ಖರ್ಚಿನ, ಬಹಳ ಉಪಯೋಗದ ಕೆಲಸ.

ಇದರ ಜೊತೆಗೆ ಹೋಲಿಸಬೇಕಾದದ್ದು ಚರ್ಚ್ ಸ್ಟ್ರೀಟ್. 2018ರ ಮಾರ್ಚ್‌ನಲ್ಲಿ ಕಲ್ಲುಹಾಸಿನೊಂದಿಗೆ ಹೊಸ ರೂಪದಲ್ಲಿ ತೆರೆದುಕೊಂಡ ಈ ಬೀದಿಯಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನೇ ನಿಲ್ಲಿಸಿ ನೋಡಿದರು. ಜನ ಮುಗಿಬಿದ್ದು ಬಂದರು. ಆದರೂ ಈ ಮಾದರಿಯನ್ನು ಹಾಗೆಯೇ ಎತ್ತಿ ತರುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಲ್ಲಿಗೆ ಬರುವವರು ತಿಂಡಿ, ಪುಸ್ತಕ, ಕಾಫಿಗೆಂದು ಬರುತ್ತಾರೆ. ನಮ್ಮ ಕಾಳಮ್ಮ ಬೀದಿ, ಬ್ರೂಸ್‌ಪೇಟೆಗಳಿಗೆ ಮೂಟೆ ಇಳಿಸುವ ಗಾಡಿಗಳೂ ಬರಬೇಕು, ಮದುವೆ ಬಟ್ಟೆ ಕೊಳ್ಳಲು ಹಳ್ಳಿಯಿಂದ ಇಡೀ ಕುಟುಂಬವೇ ಟ್ರ್ಯಾಕ್ಸ್ ಮಾಡಿಕೊಂಡೂ ಬರಬೇಕು. ಕಲ್ಲುಹಾಸು ನೋಡಲು ಚೆಂದ, ಭಾರದ ಗಾಡಿ ಓಡಿದರೆ ಕಲ್ಲುಗಳು ಸಡಿಲವಾಗುತ್ತವೆ. ಚರ್ಚ್ ಸ್ಟ್ರೀಟಿನಿಂದ ನಾವು ಎತ್ತಿಕೊಳ್ಳಬೇಕಾದದ್ದು ಸಮಯದ ಹಂಚಿಕೆಯನ್ನು. ಬೆಳಿಗ್ಗೆ ಹತ್ತರೊಳಗೆ ಮತ್ತು ರಾತ್ರಿ ಒಂಬತ್ತರ ನಂತರ ಸರಕು ಗಾಡಿ, ಹಬ್ಬದ ಹಿಂದಿನ ವಾರ ಸಂಜೆ ನಡೆಯುವವರಿಗೆ ಮಾತ್ರ ಎಂದು ಗೊತ್ತುಪಡಿಸಲು ಒಂದು ಕಲ್ಲನ್ನೂ ಕದಲಿಸಬೇಕಾಗಿಲ್ಲ. ಬ್ಯಾರಿಕೇಡ್ ಮತ್ತು ಇಬ್ಬರು ಪೊಲೀಸರು ಸಾಕು. ವ್ಯಾಪಾರಿಗಳ ಆತಂಕ ನಿಜವೋ ಅಲ್ಲವೋ ಎಂಬುದು ಒಂದೇ ಹಬ್ಬದಲ್ಲಿ ತಿಳಿದುಹೋಗುತ್ತದೆ.

ಟೆಂಡರ್ ಶ್ಯೂರ್ ವಿನ್ಯಾಸಕ್ಕೆ ಬಳ್ಳಾರಿಯಲ್ಲಿ ಒಂದು ಸೇರ್ಪಡೆ ಬೇಕೇಬೇಕು, ಅದು ಮರ. ಬೆಂಗಳೂರಿನ ಆ ರಸ್ತೆಗಳಿಗೆ ಹಳೆಯ ಮರಗಳ ನೆರಳು ಮೊದಲೇ ಇತ್ತು. ನಮ್ಮಲ್ಲಿ ಬರೀ ಪಾದಚಾರಿ ಮಾರ್ಗ ಕಟ್ಟಿದರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಲ್ಲಿ ಯಾರೂ ನಡೆಯಲಾರರು. ಬೇವು, ಹೊಂಗೆ ನಮ್ಮ ನೆಲಕ್ಕೆ ಒಗ್ಗಿದವು. ಕೊಳವೆಗಳ ಸಾಲಿನಿಂದ ದೂರದಲ್ಲಿ ಗುಂಡಿಗೆ ಜಾಗ ಬಿಡುವುದನ್ನು ನಕ್ಷೆಯ ಹಂತದಲ್ಲೇ ಕೇಳಬೇಕು, ಕಾಂಕ್ರೀಟ್ ಬಿದ್ದ ಮೇಲೆ ಕೇಳಿ ಫಲವಿಲ್ಲ.

ಮೇಲ್ಸೇತುವೆ

ಇಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ರೈಲು ಹಳಿಯ ಮೇಲಿನ ಸೇತುವೆ ಬೇರೆ, ರಸ್ತೆ ವೃತ್ತದ ಮೇಲಿನ ಸೇತುವೆ ಬೇರೆ. ಸುಧಾ ಕ್ರಾಸ್ ಗೇಟಿನ ಮುಂದೆ ಗೂಡ್ಸ್ ರೈಲು ಹಾದುಹೋಗುವ ತನಕ ಕಾದು ನಿಂತವರಿಗೆ ಮೊದಲನೆಯದರ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ವಿಮ್ಸ್ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವ ಗಾಡಿ ಗೇಟಿನಲ್ಲಿ ಸಿಕ್ಕಿಕೊಳ್ಳಬಾರದು. ಹಳಿ ಇರುವಲ್ಲಿ ಸೇತುವೆ ಕೇಳಿ, ಅದರ ಜೊತೆ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿ ಕೇಳಿ.

ವೃತ್ತದ ಮೇಲಿನ ಸೇತುವೆಯ ವಿಷಯದಲ್ಲಿ ಬೆಂಗಳೂರಿನ ಎರಡು ಉದಾಹರಣೆ ಸಾಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆಗೆ 2016ರಲ್ಲಿ ಸುಮಾರು 1,791 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಲಾಗಿತ್ತು, 812 ಮರಗಳು ಹೋಗುತ್ತಿದ್ದವು. ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಇನ್ನೊಂದು ಈಜಿಪುರದ ಮೇಲ್ಸೇತುವೆ. 2017ರಲ್ಲಿ ಆರಂಭವಾದ ಎರಡೂವರೆ ಕಿಲೋಮೀಟರ್ ಕೆಲಸ ನಡುವೆ ನಿಂತು, ಗುತ್ತಿಗೆ ರದ್ದಾಗಿ, ಹೊಸ ಗುತ್ತಿಗೆದಾರರು ಬರುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಅಷ್ಟು ವರ್ಷ ಆ ಕಂಬಗಳ ಕೆಳಗಿನ ಅಂಗಡಿಗಳು ಹೇಗೆ ಉಳಿದವು ಎಂದು ಯೋಚಿಸಿ. ಗಡಗಿ ಚನ್ನಪ್ಪ ವೃತ್ತಕ್ಕೋ ಮೋತಿ ವೃತ್ತಕ್ಕೋ ಇಂಥದ್ದೊಂದು ಬಂದರೆ ಕಂಬ ನಿಲ್ಲಿಸಲಿಕ್ಕೇ ಅರ್ಧ ರಸ್ತೆ ಹೋಗುತ್ತದೆ. ಸಿಗ್ನಲ್ ಸಮಯ ಸರಿಪಡಿಸುವುದು, ವೃತ್ತದಿಂದ ಐವತ್ತು ಮೀಟರ್ ಒಳಗೆ ಆಟೊ ಮತ್ತು ತಳ್ಳುಗಾಡಿ ನಿಲ್ಲದಂತೆ ಬೇರೆ ಜಾಗ ಕೊಡುವುದು, ದಾಟುವವರಿಗೆ ನಡುವೆ ನಿಲ್ಲಲು ತಾಣ ಕಟ್ಟುವುದು, ಇವೆಲ್ಲ ಸೇರಿದರೂ ಸೇತುವೆಯ ಒಂದು ಕಂಬದ ಖರ್ಚಾಗಲಾರದು.

ಬಸ್ಸು, ಟಂಟಂ, ಮೆಟ್ರೊ

ಮೆಟ್ರೊ ನಮಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಅದರ ಲೆಕ್ಕ ಒಂದು ಅಳತೆಗೋಲಾಗಿ ಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ 6.7 ಕಿಲೋಮೀಟರ್‌ನೊಂದಿಗೆ ಓಡಲು ಶುರುವಾದ ನಮ್ಮ ಮೆಟ್ರೊ ತನ್ನ ಮೊದಲ ಹಂತದ 42.3 ಕಿಲೋಮೀಟರ್ ಮುಗಿಸಿದ್ದು 2017ರ ಜೂನ್‌ನಲ್ಲಿ, ವೆಚ್ಚ ಸುಮಾರು 13,800 ಕೋಟಿ. ಕಿಲೋಮೀಟರಿಗೆ ಮುನ್ನೂರು ಕೋಟಿಗೂ ಹೆಚ್ಚು. ಒಂದೇ ದಿಕ್ಕಿಗೆ ಗಂಟೆಗೆ ಹತ್ತಾರು ಸಾವಿರ ಜನ ಹೊರಡುವ ಬೆಂಗಳೂರಿಗೆ ಅದು ಅನಿವಾರ್ಯ. ನಮಗೆ ಆ ಒಂದು ಕಿಲೋಮೀಟರಿನ ಹಣದಲ್ಲಿ ನೂರಾರು ಬಸ್ಸು ಬರುತ್ತವೆ.

ನಡುವಿನ ಆಯ್ಕೆಯೊಂದು ಹತ್ತಿರದಲ್ಲೇ ಇದೆ. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಪ್ರತ್ಯೇಕ ಪಥ ಹಾಕಿ 2018ರಿಂದ ಚಿಗರಿ ಬಸ್ಸುಗಳನ್ನು ಓಡಿಸುತ್ತಿದ್ದಾರೆ. ಎರಡು ದೊಡ್ಡ ಊರುಗಳನ್ನು ಒಂದೇ ಗೆರೆ ಜೋಡಿಸುವಲ್ಲಿ ಅಂಥ ಪಥಕ್ಕೆ ಅರ್ಥವಿದೆ. ಬಳ್ಳಾರಿಯ ಓಡಾಟ ಒಂದು ಗೆರೆಯಲ್ಲಿಲ್ಲ, ನಾಲ್ಕೂ ದಿಕ್ಕಿಗೆ ಚೆಲ್ಲಿದೆ. ಬೆಂಗಳೂರು ಹೊರವರ್ತುಲ ರಸ್ತೆಯಲ್ಲಿ 2019ರ ಕೊನೆಗೆ ಬಸ್ ಆದ್ಯತಾ ಪಥ ಮಾಡಿ, ಆಮೇಲೆ ಮೆಟ್ರೊ ಕಾಮಗಾರಿಗೆ ಅದನ್ನು ಕಳೆದುಕೊಂಡಿತು. ನಮ್ಮ ರಸ್ತೆಗಳ ಅಗಲಕ್ಕೆ ಪ್ರತ್ಯೇಕ ಪಥ ಕೂಡುವುದೂ ಇಲ್ಲ.

ನಮಗೆ ಬೇಕಾದದ್ದು ಸಾಮಾನ್ಯ ಬಸ್ಸು, ಆದರೆ ಕಾಯಿಸದ ಬಸ್ಸು. ಇದರ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ 8 ಕಿಲೋಮೀಟರ್ ಮಾರ್ಗ ಎಂದುಕೊಳ್ಳಿ. ನಿಂತು ನಿಂತು ಹೋಗುವ ಬಸ್ಸಿನ ಸರಾಸರಿ ವೇಗ ಗಂಟೆಗೆ 16 ಕಿಲೋಮೀಟರ್ ಎಂದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಎರಡೂ ತುದಿಯಲ್ಲಿ ಐದೈದು ನಿಮಿಷ ಬಿಡುವು ಸೇರಿ ಒಂದು ಸುತ್ತಿಗೆ 70 ನಿಮಿಷ. ಆ ಮಾರ್ಗಕ್ಕೆ ಎರಡೇ ಬಸ್ಸಿದ್ದರೆ 35 ನಿಮಿಷಕ್ಕೊಂದು ಬರುತ್ತದೆ, ಏಳು ಬಸ್ಸಿದ್ದರೆ ಹತ್ತು ನಿಮಿಷಕ್ಕೊಂದು. ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಬಂದವರು ಸರಾಸರಿ ಕಾಯುವುದು ಅದರ ಅರ್ಧದಷ್ಟು ಹೊತ್ತು: ಒಂದು ಕಡೆ 17 ನಿಮಿಷ, ಇನ್ನೊಂದು ಕಡೆ 5. ಹದಿನೇಳು ನಿಮಿಷ ಬಿಸಿಲಲ್ಲಿ ನಿಲ್ಲಬೇಕಾದವರು ಎದುರಿಗೆ ಬಂದ ಟಂಟಂ (ಹಲವರು ಹಂಚಿಕೊಂಡು ಹೋಗುವ ಆಟೊ) ಹತ್ತುತ್ತಾರೆ, ಕೈಯಲ್ಲಿ ಹಣ ಇರುವವರು ಸ್ಕೂಟರ್ ಕೊಳ್ಳುತ್ತಾರೆ. ಆಮೇಲೆ ಬಸ್ಸಿಗೆ ಜನವೇ ಇಲ್ಲ ಎಂದು ಇರುವ ಎರಡರಲ್ಲಿ ಒಂದನ್ನು ಕಡಿಮೆ ಮಾಡುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಬೆಂಗಳೂರಿನ ಹೆಣ್ಣುಮಗಳು ಅದನ್ನು ದಿನಕ್ಕೆ ನಾಲ್ಕು ಸಲ ಬಳಸಬಲ್ಲಳು, ಅವಳ ಮನೆಯ ಮುಂದೆ ನಗರ ಸಾರಿಗೆ ಇದೆ. ಕೌಲ್ ಬಜಾರಿನಿಂದ ಜೀನ್ಸ್ ಹೊಲಿಗೆಯ ಘಟಕಕ್ಕೆ ಹೋಗುವ ನಮ್ಮ ಹೆಣ್ಣುಮಗಳು ಹೊತ್ತಿಗೆ ಸರಿಯಾಗಿ ಬಸ್ಸು ಇಲ್ಲದ್ದರಿಂದ ಟಂಟಂಗೆ ದಿನವೂ ಹಣ ಕೊಡುತ್ತಾಳೆ. ಕೂಲಿಯಲ್ಲಿ ತಿಂಗಳಿಗೆ ಎಷ್ಟು ಅದಕ್ಕೇ ಹೋಗುತ್ತದೆ ಎಂದು ಅಂಥವರನ್ನು ಕೇಳಿ ನೋಡಿ. ಒಂದೇ ರಾಜ್ಯದ ಒಂದೇ ಯೋಜನೆ, ಬಸ್ಸು ಇರುವಲ್ಲಿ ಮಾತ್ರ ಕೈಗೆ ಸಿಗುತ್ತಿದೆ. ಈ ಅನ್ಯಾಯ ನನ್ನನ್ನು ಬೇರೆಲ್ಲ ವಿಷಯಕ್ಕಿಂತ ಹೆಚ್ಚು ಕಾಡುತ್ತದೆ.

ಟಂಟಂನವರನ್ನು ಶತ್ರುಗಳೆಂದು ಕಾಣುವುದು ಬೇಡ. ಬಸ್ಸು ನುಗ್ಗದ ಓಣಿಗಳಿಂದ ಮುಖ್ಯರಸ್ತೆಗೆ ಜನರನ್ನು ತಂದುಬಿಡುವ ಕೆಲಸ ಅವರಿಂದಲೇ ಆಗಬೇಕು. ಮುಖ್ಯ ಮಾರ್ಗದಲ್ಲಿ ಬಸ್ಸು, ಅದಕ್ಕೆ ಕೂಡುವ ಓಣಿಗಳಲ್ಲಿ ಟಂಟಂ, ಎರಡೂ ಸೇರುವಲ್ಲಿ ನೆರಳಿರುವ ನಿಲ್ದಾಣ. ಬಸ್ಸು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಒಂದು ಉತ್ತರ ಪಿಎಂ ಇ–ಬಸ್ ಸೇವಾ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆ 2011ರ ಜನಗಣತಿಯಂತೆ ಮೂರು ಲಕ್ಷ ಮೀರಿದ ನಗರಗಳಿಗೆ ಒಟ್ಟು 10,000 ವಿದ್ಯುತ್ ಬಸ್ಸುಗಳನ್ನು ಉದ್ದೇಶಿಸಿದೆ. ನಮ್ಮ ಜನಸಂಖ್ಯೆ ಆ ಗೆರೆಯನ್ನು ದಾಟಿದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಮನವಿ ಕೊಡುವಾಗ 'ಹೆಚ್ಚು ಬಸ್ ಬಿಡಿ' ಎಂದಷ್ಟೇ ಬರೆಯದೆ ಮೇಲಿನ ಲೆಕ್ಕವನ್ನು ನಿಮ್ಮ ಮಾರ್ಗಕ್ಕೆ ಹಾಕಿ, ಇಂಥ ಮಾರ್ಗಕ್ಕೆ ಇಷ್ಟು ಬಸ್ಸು, ಇಷ್ಟು ನಿಮಿಷಕ್ಕೊಂದು ಎಂದು ಬರೆಯಿರಿ.

ತಳ್ಳುಗಾಡಿಗಳು

ಬೀದಿ ಸುಧಾರಣೆ ಎಂದಾಗಲೆಲ್ಲ ಮೊದಲು ಎದ್ದು ಹೋಗಬೇಕಾಗುವವರು ಇವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳದೇ ಆಗಿರಬೇಕು. ಸಂಜೆ ಮಿರ್ಚಿ, ಒಗ್ಗರಣೆಯ ಗಾಡಿಗಳಿಲ್ಲದ ಬಳ್ಳಾರಿಯ ಬೀದಿ ಯಾರಿಗೂ ಬೇಡ. ಪಾದಚಾರಿ ಮಾರ್ಗದ ಪಕ್ಕದಲ್ಲಿ ಒಂದೂವರೆ ಮೀಟರ್ ಅಗಲದ ಪಟ್ಟಿಯನ್ನು ನಕ್ಷೆಯಲ್ಲೇ ಗುರುತಿಸಿ, ನೀರಿನ ನಲ್ಲಿ ಮತ್ತು ಕಸದ ಡಬ್ಬ ಕೊಟ್ಟರೆ ತಿಂಗಳಿಗೊಮ್ಮೆ ಲಾರಿ ತಂದು ಗಾಡಿ ಎತ್ತಿಕೊಂಡು ಹೋಗುವ ನೋವು ತಪ್ಪುತ್ತದೆ.

ನಮ್ಮ ರಸ್ತೆಗಳಿಗೆ ಹಂಚಿ ನೋಡಿದರೆ

ಬೆಂಗಳೂರು ರಸ್ತೆ, ಕಾಳಮ್ಮ ಬೀದಿ, ಬ್ರೂಸ್‌ಪೇಟೆಯ ವ್ಯಾಪಾರದ ಬೀದಿಗಳಿಗೆ ಟೆಂಡರ್ ಶ್ಯೂರ್ ಮಾದರಿ, ಅಗಲೀಕರಣವಿಲ್ಲದೆ. ಸಿರುಗುಪ್ಪ ರಸ್ತೆ, ಮೋಕಾ ರಸ್ತೆ ಮುಂತಾದ ಹೊರಹೋಗುವ ರಸ್ತೆಗಳಿಗೆ ಹತ್ತು ನಿಮಿಷಕ್ಕೊಂದು ಬಸ್ಸು, ಬದಿಗೆ ಮರ ಮತ್ತು ಪಾದಚಾರಿ ಮಾರ್ಗ. ಎಪಿಎಂಸಿ ಕಡೆಗೆ ಕಾಂಕ್ರೀಟ್. ಮನೆಗಳ ಓಣಿಗಳಿಗೆ ಮೊದಲು ಚರಂಡಿ, ಆಮೇಲೆ ಹಳೆಯ ಪದರ ಕೆರೆದು ಅದೇ ಮಟ್ಟಕ್ಕೆ ಹೊಸ ಪದರ. ಹಳಿ ಇರುವಲ್ಲಿ ಮಾತ್ರ ಸೇತುವೆ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಮಗೆ ಸಂವಿಧಾನದ 371(ಜೆ) ವಿಧಿಯ ಮೂಲಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬರುತ್ತದೆ, ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ನೀರು ಮತ್ತು ಒಳಚರಂಡಿಗೆ ಅಮೃತ್ ಯೋಜನೆ ಇದೆ. ರಸ್ತೆಯ ಹಣ ಒಂದು ವರ್ಷ ಬರುತ್ತದೆ, ಪೈಪಿನ ಹಣ ಮರುವರ್ಷ. ಹೊಸ ರಸ್ತೆ ಅಗೆಯುವುದಕ್ಕೆ ಇದೇ ಮೂಲ ಕಾರಣ, ಬೇರೆ ಯಾರ ದುಷ್ಟತನವೂ ಬೇಕಿಲ್ಲ. ಆದ್ದರಿಂದ ಅಂದಾಜು ಪಟ್ಟಿ ತಯಾರಾಗುವಾಗಲೇ ಈ ರಸ್ತೆಯ ಕೆಳಗೆ ಯಾವ ಪೈಪ್ ಅಥವಾ ಕೇಬಲ್ ಕೆಲಸವೂ ಬಾಕಿ ಇಲ್ಲ ಎಂದು ಪಾಲಿಕೆಯ ನೀರು ಸರಬರಾಜು ವಿಭಾಗ ಮತ್ತು ವಿದ್ಯುತ್ ಕಂಪನಿ ಜೆಸ್ಕಾಂ ಎರಡರಿಂದಲೂ ಲಿಖಿತವಾಗಿ ಕೇಳಿ. ರಸ್ತೆಯ ಅಡ್ಡಕೊಯ್ತದ ನಕ್ಷೆಯನ್ನು ನೋಡಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು.

ಕೊನೆಯದಾಗಿ ವ್ಯಾಪಾರದ ಬೀದಿಗಳ ಕೆಲಸದ ಕಾಲ. ದೀಪಾವಳಿ ಮುಗಿದ ಮೇಲೆ ಯುಗಾದಿಯ ತನಕ ಮಳೆಯ ಕಾಟವಿಲ್ಲದ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ, ಕಾಂಕ್ರೀಟಿಗೂ ಆ ತಂಪು ಒಳ್ಳೆಯದು. ಮೊದಲ ಸಲ 200 ಮೀಟರ್ ಮಾತ್ರ, ಅದೂ ಒಂದು ಬದಿ ಮುಗಿಸಿ ಅಂಗಡಿಗಳಿಗೆ ದಾರಿ ಕೊಟ್ಟ ಮೇಲೆ ಇನ್ನೊಂದು ಬದಿ ಎಂದು ಟೆಂಡರಿನ ಷರತ್ತಿನಲ್ಲೇ ಬರೆಸಿ. ಆ ನಾಲ್ಕು ತಿಂಗಳಲ್ಲಿ ಮುಗಿಯದಷ್ಟು ಉದ್ದವನ್ನು ಒಮ್ಮೆಗೇ ಅಗೆಯುತ್ತೇವೆ ಎಂದು ಯಾರು ಬಂದರೂ ಸಹಿ ಹಾಕಬೇಡಿ.